ವಿಲೋ ಕ್ರೀಕ್: ಬಾಡಿಗೆ ಟಾಕೀಸಿನಿಂದ 25 ಸಾವಿರ ಜನರ ಸಭೆಯವರೆಗೆ, ಆಮೇಲೆ?

ಗುಡ್ಡೆಮನೆ

ಹೋದ ವಾರ ಇಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಿದ್ದರು. ಯಾವ ಪಂಗಡಕ್ಕೂ ಸೇರದ ಸ್ವತಂತ್ರ ಕ್ರೈಸ್ತ ಸಭೆಗಳು, ಅಂದರೆ ಚರ್ಚ್‌ಗಳು, ಅಷ್ಟು ಬೇಗ ಹೇಗೆ ಬೆಳೆಯುತ್ತವೆ, ಸಾವಿರಗಟ್ಟಲೆ ಜನ ಯಾಕೆ ಹೋಗುತ್ತಾರೆ ಅಂತ. ಆಗ ಸುಮ್ನೆ ಎರಡು ಸಾಲು ಬರೆದು ಬಿಟ್ಟೆ. ಮನಸ್ಸಿಗೆ ಸಮಾಧಾನ ಆಗಲಿಲ್ಲ. ಹತ್ತಿರದಿಂದ ಕಂಡ ಒಂದು ಸಭೆಯ ಕಥೆಯನ್ನೇ ಪೂರ್ತಿ ಹೇಳೋಣ ಅನ್ನಿಸಿ ಈ ಚರ್ಚೆ ಶುರು ಮಾಡಿದ್ದೇನೆ. ಉದ್ದ ಇದೆ, ಪುರುಸೊತ್ತಿನಲ್ಲಿ ಓದಿ.

ನಾನು ಮಂಗಳೂರಿನವಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಪಂಗಡದ ಸಭೆಯಲ್ಲಿ ಬೆಳೆದವಳು. ಮದುವೆಯಾದ ಮೇಲೆ ಹತ್ತು ವರ್ಷ ಅಮೆರಿಕದಲ್ಲಿ, ಶಿಕಾಗೊ ಪಕ್ಕದ ಶಾಂಬರ್ಗ್‌ನಲ್ಲಿ ಇದ್ದೆ. ಅಲ್ಲಿಗೆ ಹತ್ತಿರದಲ್ಲೇ ಸೌತ್ ಬ್ಯಾರಿಂಗ್ಟನ್ ಅಂತ ಊರು. ವಿಲೋ ಕ್ರೀಕ್ ಕಮ್ಯುನಿಟಿ ಚರ್ಚ್ ಇರುವುದು ಅಲ್ಲೇ. ವಾರಕ್ಕೆ 2,000ಕ್ಕಿಂತ ಜಾಸ್ತಿ ಜನ ಬರುವ ಸಭೆಗೆ ಅಮೆರಿಕದಲ್ಲಿ ಮೆಗಾಚರ್ಚ್ ಅನ್ನುತ್ತಾರೆ. ವಿಲೋ ಕ್ರೀಕ್‌ಗೆ ಬರುತ್ತಿದ್ದವರು, ಎಲ್ಲ ಶಾಖೆ ಸೇರಿ, ಸುಮಾರು 25,000.

ನಾನು ಮೊದಲ ಸಲ ಹೋಗಿದ್ದು ಒಂದು ಜನವರಿ ಭಾನುವಾರ. ಪಕ್ಕದ ಮನೆಯಾಕೆ ಕರೆದುಕೊಂಡು ಹೋದಳು. ಹಿಮ ಬೀಳುತ್ತಿತ್ತು. ಆ ಚಳಿಯಲ್ಲಿ ಸ್ವಯಂಸೇವಕರು ನಿಂತು ಕೈಯಲ್ಲಿ ಲೈಟು ಹಿಡಿದು ಒಂದೊಂದೇ ಕಾರನ್ನು ಸಾಲಿಗೆ ಹಚ್ಚುತ್ತಿದ್ದರು. ಒಳಗೆ ಹೋದರೆ ಎಸ್ಕಲೇಟರ್, ಊಟದ ಜಾಗ, ಮಕ್ಕಳಿಗೆ ಬೇರೆಯೇ ವಿಭಾಗ. 7,000ಕ್ಕೂ ಹೆಚ್ಚು ಜನ ಕೂರುವ ಹಾಲ್. ಸೀಟುಗಳು ಥಿಯೇಟರಿನವು. ಕಣ್ಣು ಶಿಲುಬೆ ಹುಡುಕಿತು, ಕಾಣಲಿಲ್ಲ. ಬಲಿಪೀಠ ಇಲ್ಲ, ನಿಲುವಂಗಿ ಇಲ್ಲ. ಬ್ಯಾಂಡ್ ಹಾಡಿತು, ಪ್ಯಾಂಟು ಶರ್ಟು ಹಾಕಿದವರೊಬ್ಬರು ಬಂದು ಮಾತಾಡಿದರು.

ಆಮೇಲೆ ಕಾಣಿಕೆ ಹೊತ್ತು ಬಂತು. ಚಿಕ್ಕವಳಿದ್ದಾಗ ಅಮ್ಮ ಕೊಟ್ಟ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದೆ. ಕಾಣಿಕೆ ಚೀಲ ನಮ್ಮ ಬೆಂಚಿಗೆ ಬರುವಷ್ಟರಲ್ಲಿ ನಾಣ್ಯ ಬೆಚ್ಚಗಾಗಿರುತ್ತಿತ್ತು. ಇಲ್ಲಿಯೂ ಪರ್ಸ್ ತೆಗೆದೆ. ಅಷ್ಟರಲ್ಲಿ ವೇದಿಕೆಯಿಂದ ಹೇಳಿದರು: ಹೊಸದಾಗಿ ಬಂದವರು ನಮ್ಮ ಅತಿಥಿಗಳು, ನೀವು ಏನೂ ಹಾಕಬೇಕಾಗಿಲ್ಲ. ಪಕ್ಕದಾಕೆ ನನ್ನ ಕೈ ಮೇಲೆ ಮೆಲ್ಲಗೆ ಕೈ ಇಟ್ಟು ತಡೆದಳು. ಅದರ ಹಿಂದೆ ಒಂದು ಕಥೆ ಇದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಬಿಲ್ ಹೈಬೆಲ್ಸ್ ಎಂಬ ಹುಡುಗ ಮಿಶಿಗನ್ ರಾಜ್ಯದ ಕಲಾಮಜೂದವನು. ಅಪ್ಪನದು ಹಣ್ಣು ತರಕಾರಿ ವ್ಯಾಪಾರ. 1970ರ ದಶಕದ ಮೊದಲಲ್ಲಿ ಶಿಕಾಗೊ ಹತ್ತಿರದ ಪಾರ್ಕ್ ರಿಡ್ಜ್‌ನ ಒಂದು ಚರ್ಚಿನಲ್ಲಿ ಇವನೂ ಇವನ ಗೆಳೆಯರೂ ಸೇರಿ ಯುವಕರ ಗುಂಪು ನಡೆಸುತ್ತಿದ್ದರು. ರಾಕ್ ಸಂಗೀತ, ಸಣ್ಣ ನಾಟಕ, ಆಮೇಲೆ ಮಾಮೂಲಿ ಮಾತಿನಲ್ಲಿ ಬೈಬಲ್. ಗುಂಪು ಸಾವಿರದ ಹತ್ತಿರಕ್ಕೆ ಬೆಳೆಯಿತು. ಅದೇ ಹೊತ್ತಿಗೆ ಟ್ರಿನಿಟಿ ಕಾಲೇಜಿನಲ್ಲಿ ಗಿಲ್ಬರ್ಟ್ ಬಿಲೆಝಿಕಿಯನ್ ಎಂಬ ಪ್ರೊಫೆಸರ್ ಪಾಠ ಮಾಡುತ್ತಿದ್ದರು. ಬೈಬಲಿನ ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ ನಮ್ಮವರಿಗೆ ಗೊತ್ತಲ್ವಾ? ಎಲ್ಲರೂ ಒಟ್ಟಿಗಿದ್ದು, ಇದ್ದದ್ದನ್ನು ಹಂಚಿಕೊಂಡು, ರೊಟ್ಟಿ ಮುರಿದ ಆ ಮೊದಲ ಸಭೆ. ಅಂಥದ್ದು ಈಗಲೂ ಯಾಕೆ ಆಗಬಾರದು ಅಂತ ಅವರು ಕೇಳುತ್ತಿದ್ದರು. ಆ ಪ್ರಶ್ನೆ ಹೈಬೆಲ್ಸ್ ತಲೆಯಲ್ಲಿ ಕೂತಿತು.

1975ರಲ್ಲಿ ಇವರು ಮನೆಮನೆಗೆ ಹೋಗಿ ಬಾಗಿಲು ತಟ್ಟಿದರು. ಮೊದಲ ಪ್ರಶ್ನೆ, ನೀವು ಯಾವುದಾದರೂ ಚರ್ಚಿಗೆ ಹೋಗ್ತೀರಾ? ಹೌದು ಅಂದರೆ ನಮಸ್ಕಾರ ಹೇಳಿ ಮುಂದಿನ ಮನೆ. ಇಲ್ಲ ಅಂದರೆ ಎರಡನೇ ಪ್ರಶ್ನೆ, ಯಾಕೆ ಹೋಗಲ್ಲ? ಬೇಸರ ಮಾಡಿಕೊಳ್ಳಬೇಡಿ, ಬಾಯಿಬಿಟ್ಟು ಹೇಳಿ. ಜನ ಹೇಳಿದರು. ಹೋದರೆ ಸಾಕು ದುಡ್ಡು ಕೇಳ್ತಾರೆ. ನಿದ್ದೆ ಬರುತ್ತೆ. ನಮ್ಮ ಜೀವನಕ್ಕೂ ಅದಕ್ಕೂ ಸಂಬಂಧ ಇಲ್ಲ. ಪಾಪ ಪಾಪ ಅಂತ ಬೈದು ಕಳಿಸ್ತಾರೆ.

ಇವರು ಅದನ್ನೆಲ್ಲ ಬರೆದುಕೊಂಡು, ಒಂದೊಂದನ್ನೇ ಸರಿ ಮಾಡುತ್ತಾ ಹೋದರು. ಅತಿಥಿಗಳು ಕಾಣಿಕೆ ಹಾಕಬೇಕಿಲ್ಲ ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ಪ್ಯಾಲಟೈನ್ ಎಂಬ ಊರಿನಲ್ಲಿ ಒಂದು ಸಿನಿಮಾ ಟಾಕೀಸನ್ನು ಭಾನುವಾರ ಬೆಳಿಗ್ಗೆಗೆ ಬಾಡಿಗೆ ಹಿಡಿದರು. ಟಾಕೀಸಿನ ಹೆಸರು ವಿಲೋ ಕ್ರೀಕ್. ಬಾಡಿಗೆಗೆ ಹುಡುಗರೆಲ್ಲ ಸೇರಿ ಮನೆಮನೆಗೆ ಟೊಮೆಟೊ ಬುಟ್ಟಿ ಮಾರಿ ದುಡ್ಡು ಕೂಡಿಸಿದರು. 1975ರ ಅಕ್ಟೋಬರ್ 12ರಂದು ಮೊದಲ ಆರಾಧನೆ. ಬಂದವರು 125 ಜನ. ಹೈಬೆಲ್ಸ್‌ಗೆ ಆಗ 23 ವರ್ಷ.

ಎರಡು ಮೂರು ವರ್ಷದಲ್ಲಿ 2,000 ಜನ. 1977ರಲ್ಲಿ ಸೌತ್ ಬ್ಯಾರಿಂಗ್ಟನ್‌ನಲ್ಲಿ 90 ಎಕರೆ ಜಮೀನು. 1981ರಲ್ಲಿ ಸ್ವಂತ ಕಟ್ಟಡ, ಪಕ್ಕದಲ್ಲಿ ಕೆರೆ. ಟಾಕೀಸು ಬಿಟ್ಟರೂ ಟಾಕೀಸಿನ ಹೆಸರು ಬಿಡಲಿಲ್ಲ.

ನಡುವೆ 1979ರಲ್ಲಿ ಒಳಗೇ ದೊಡ್ಡ ಬಿರುಕು ಬಿಟ್ಟಿತ್ತು. ಜೊತೆಗೆ ಶುರು ಮಾಡಿದ ಗೆಳೆಯನೇ ಹೊರಗೆ ಹೋದ. ಸಭೆ ಉಳಿದದ್ದೇ ಹೆಚ್ಚು ಅಂತ ಹಳಬರು ಹೇಳುತ್ತಿದ್ದರು. ಉಳಿದಿದ್ದು ನಾಳೆ ಬರೆಯುತ್ತೇನೆ, ಮಗನಿಗೆ ಪರೀಕ್ಷೆ.

ಕೋಲಾರದವನು

ಮೇಡಂ, ನಾನು ಕ್ರೈಸ್ತ ಅಲ್ಲ, ಕುತೂಹಲಕ್ಕೆ ಓದಿದೆ. ಟೊಮೆಟೊ ಅಂದ ಕೂಡಲೇ ನಿಂತುಬಿಟ್ಟೆ! ನಾವು ಟೊಮೆಟೊ ಬೆಳೆಯುವವರು. ಮಂಡಿಗೆ ಹಾಕುವ ಬದಲು ಮನೆಮನೆಗೆ ಹೊತ್ತು ಮಾರಿದರೆ ದುಡ್ಡು ಹೇಗೂ ಬರುತ್ತೆ, ಜೊತೆಗೆ ಊರಿನ ಪ್ರತಿ ಮನೆಯೂ ಗೊತ್ತಾಗುತ್ತೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಎಲ್ಲಾ. ನಮ್ಮಪ್ಪ ಮೊದಲು ಸೈಕಲ್ ಮೇಲೆ ತರಕಾರಿ ಮಾರುತ್ತಿದ್ದರು, ಅದಕ್ಕೇ ಹೇಳುತ್ತಿದ್ದೇನೆ. ವ್ಯಾಪಾರದ ಮನೆಯಿಂದ ಬಂದ ಹುಡುಗನಿಗೆ ಮನೆ ಬಾಗಿಲಲ್ಲಿ ಹೇಗೆ ಮಾತಾಡಬೇಕು ಅನ್ನೋದು ಬಂದೇ ಇರುತ್ತೆ.

ಒಂದು ಪ್ರಶ್ನೆ. ಜನಕ್ಕೆ ಬೇಡ ಅನ್ನಿಸಿದ್ದನ್ನೆಲ್ಲ ತೆಗೆಯುತ್ತಾ ಹೋದರೆ ಕೊನೆಗೆ ದೇವರ ವಿಷಯ ಉಳಿಯುತ್ತಾ?

ಸಾಧನಕೇರಿ

ತಂಗಿ ಗುಡ್ಡೆಮನೆ, ಚಲೋ ಬರೆದೀರಿ. ನಾನು ಧಾರವಾಡದ ಬಾಸೆಲ್ ಮಿಶನ್ ಮನೆತನದವನು, ನಿವೃತ್ತ ಮಾಸ್ತರ. ಕೋಲಾರದವರು ಕೇಳಿದ್ದೇ ನನ್ನ ಪ್ರಶ್ನೆ ಕೂಡ. ನಮ್ಮಲ್ಲಿ ಆರಾಧನೆಯ ಕ್ರಮ ಅಂತ ಒಂದು ಇದೆ. ಪಾಪನಿವೇದನೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ. ನನಗೆ ಮನಸ್ಸಿರಲಿ ಬಿಡಲಿ, ಆ ಮಾತುಗಳು ನನ್ನನ್ನು ಎಳೆದುಕೊಂಡು ಹೋಗುತ್ತವೆ. ನನ್ನ ಹೆಂಡತಿ ತೀರಿಕೊಂಡ ಭಾನುವಾರ ನನಗೆ ಸ್ವಂತ ಪ್ರಾರ್ಥನೆ ಒಂದೂ ಬಾಯಿಗೆ ಬರಲಿಲ್ಲ. ಅಚ್ಚಾದ ಆ ಹಳೇ ಮಾತುಗಳೇ ಕೈ ಹಿಡಿದವು. ಪಂಗಡವೇ ಇಲ್ಲ, ಕ್ರಮವೇ ಇಲ್ಲ ಅಂದರೆ ಅಂಥ ದಿನ ಮನುಷ್ಯ ಏನು ಹಿಡಿದುಕೊಳ್ಳಬೇಕು?

ಇನ್ನೊಂದು. ಪಂಗಡ ಇಲ್ಲ ಅಂದರೆ ಮೇಲೆ ಬಿಷಪ್ ಇಲ್ಲ, ಸಿನೊಡ್ ಅಂದರೆ ಪಂಗಡದ ಮೇಲಿನ ಆಡಳಿತ ಮಂಡಳಿಯೂ ಇಲ್ಲ. ತಕರಾರು ಬಂದರೆ ಯಾರ ಹತ್ತಿರ ಹೋಗಬೇಕು? ಇದಕ್ಕೂ ಉತ್ತರ ಬರೆಯಿರಿ.

ಹೆಬ್ಬಾಳ ರಿಂಗ್ ರೋಡ್

ಮಾಸ್ತರರೇ, ನಿಮ್ಮ ಮಾತು ಓದಿ ಮನಸ್ಸು ಭಾರವಾಯಿತು. ಆದರೂ ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಾನು ಬೀದರ್‌ನಿಂದ ಬೆಂಗಳೂರಿಗೆ ಬಂದಾಗ 22 ವರ್ಷ. ಪಿಜಿ ಹತ್ತಿರದ ಒಂದು ಚಿಕ್ಕ ಚರ್ಚಿಗೆ ನಾಲ್ಕು ತಿಂಗಳು ಹೋದೆ. ಒಬ್ಬರೂ ಹೆಸರು ಕೇಳಲಿಲ್ಲ. ಕುಟುಂಬಗಳೆಲ್ಲ ತಮ್ಮ ತಮ್ಮ ಬೆಂಚಿನಲ್ಲಿ ಕೂತು, ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಹೋಗುತ್ತಿದ್ದರು. ಆಮೇಲೆ ಒಂದು ದೊಡ್ಡ ಸಭೆಗೆ ಹೋದೆ. ಎರಡನೇ ವಾರವೇ ಒಬ್ಬರು ನಂಬರ್ ತಗೊಂಡು ಬುಧವಾರದ ಗುಂಪಿಗೆ ಕರೆದರು. ಎಂಟೇ ಜನ, ಒಬ್ಬರ ಮನೆಯ ಹಾಲ್‌ನಲ್ಲಿ. ನನಗೆ ಡೆಂಗಿ ಬಂದಾಗ ಆ ಎಂಟು ಜನ ಪಾಳಿ ಹಾಕಿಕೊಂಡು ಗಂಜಿ ತಂದುಕೊಟ್ಟರು.

ಅಲ್ಲಿ ಸಾವಿರಾರು ಜನ ಇದ್ದರೂ ನನ್ನ ಪಾಲಿನ ಸಭೆ ಆ ಎಂಟೇ ಜನ. ಅಕ್ಕ, ವಿಲೋ ಕ್ರೀಕ್‌ನಲ್ಲೂ ಹೀಗೆ ಗುಂಪು ಇತ್ತಾ?

ಗುಡ್ಡೆಮನೆ

ಇತ್ತು ತಮ್ಮಾ. 1990ರ ದಶಕದಲ್ಲಿ ಅವರು ಸಣ್ಣ ಗುಂಪುಗಳ ಮೇಲೆಯೇ ಇಡೀ ಸಭೆಯನ್ನು ನಿಲ್ಲಿಸಿದರು. ನಾನೂ ಒಂದರಲ್ಲಿ ಇದ್ದೆ. ನನ್ನ ಮಗ ಹುಟ್ಟಿದಾಗ ಊರಿಂದ ಅಮ್ಮನಿಗೆ ವೀಸಾ ಸಿಗಲಿಲ್ಲ. ಬಾಣಂತನಕ್ಕೆ ಯಾರೂ ಇರಲಿಲ್ಲ. ಮೂರು ವಾರ ದಿನಾ ಸಂಜೆ ಬಾಗಿಲ ಬಳಿ ಒಂದು ಡಬ್ಬಿ ಬಿಸಿ ಸೂಪ್ ಇರುತ್ತಿತ್ತು. ಉಪ್ಪು ಕಡಿಮೆ, ಖಾರ ಇಲ್ಲವೇ ಇಲ್ಲ, ಆದರೆ ಒಂದು ದಿನವೂ ತಪ್ಪಲಿಲ್ಲ.

ಕೋಲಾರದವರೇ, ನಿಮ್ಮ ಪ್ರಶ್ನೆ ದೊಡ್ಡದು. ಅವರ ಉತ್ತರ ಹೀಗಿತ್ತು: ವಾರದ ಕೊನೆಯ ಕಾರ್ಯಕ್ರಮ ಇನ್ನೂ ಹುಡುಕಾಟದಲ್ಲಿ ಇರುವವರಿಗೆ. ಯಾರನ್ನೂ ಎಬ್ಬಿಸಿ ನಿಲ್ಲಿಸುವುದಿಲ್ಲ, ಹೆಸರು ಕೇಳುವುದಿಲ್ಲ, ಹಿಂದೆ ಕೂತು ಸುಮ್ಮನೆ ಕೇಳಿ ಹೋಗಬಹುದು. ನಂಬಿದವರಿಗೆ ವಾರದ ನಡುವೆ ಬೇರೆ ಆರಾಧನೆ, ಅಲ್ಲಿ ಪ್ರಭುಭೋಜನ, ಆಳವಾದ ಬೈಬಲ್ ಪಾಠ. ಬೇಸಿಗೆಯಲ್ಲಿ ಆ ಕೆರೆಯಲ್ಲೇ ದೀಕ್ಷಾಸ್ನಾನ. ಅದನ್ನು ನಾನು ನೋಡಿದ್ದೇನೆ. ಟೀಶರ್ಟು ಹಾಕಿಕೊಂಡ ಅಜ್ಜ, ಅವರ ಪಕ್ಕದಲ್ಲಿ ಮೊಮ್ಮಗಳು, ಇಬ್ಬರೂ ಸೊಂಟದವರೆಗೆ ನೀರಿನಲ್ಲಿ. ದಡದಲ್ಲಿ ಮನೆಯವರು ಟವೆಲ್ ಹಿಡಿದು ಅಳುತ್ತಾ ನಿಂತಿದ್ದರು. ದೇವರ ವಿಷಯ ಉಳಿದಿರಲಿಲ್ಲ ಅಂತ ನಾನು ಹೇಳಲಾರೆ.

ಆ ದಾರಿಯಲ್ಲಿ ಬಂದವರಲ್ಲಿ ಹೆಸರಾದವರು ಲೀ ಸ್ಟ್ರೋಬೆಲ್. ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೋರ್ಟು ಕಾನೂನು ವರದಿ ಮಾಡುತ್ತಿದ್ದವರು, ದೇವರಿಲ್ಲ ಅನ್ನುತ್ತಿದ್ದವರು. ಹೆಂಡತಿ ನಂಬಿದ್ದಕ್ಕೆ ಸಿಟ್ಟಾಗಿ, ಇದೇನಿದು ನೋಡೇ ಬಿಡೋಣ ಅಂತ ತನಿಖೆಗೆ ಇಳಿದರು. 1981ರಲ್ಲಿ ತಾವೇ ನಂಬಿದರು. ಮುಂದೆ ಅಲ್ಲೇ ಬೋಧಕರೂ ಆದರು.

ಮಾಸ್ತರರೇ, ನೀವು ಹೇಳಿದ ಆ ಅಚ್ಚಾದ ಪ್ರಾರ್ಥನೆಗಳ ಕೊರತೆ ನನಗೂ ಅಲ್ಲಿ ಕಾಡುತ್ತಿತ್ತು. ಹತ್ತು ವರ್ಷವೂ ಕಾಡಿತು. ಕಾರಿನಲ್ಲಿ ಮನೆಗೆ ಬರುವಾಗ ನಾನೇ ಕನ್ನಡದಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಹೇಳಿಕೊಳ್ಳುತ್ತಿದ್ದೆ. ನಿಮ್ಮ ಇನ್ನೊಂದು ಪ್ರಶ್ನೆ, ಮೇಲೆ ಯಾರು ಅನ್ನೋದು, ಅದಕ್ಕೆ ಬರುತ್ತೇನೆ. ಈ ಕಥೆಯಲ್ಲಿ ಎಲ್ಲವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಲೆಕ್ಕಪತ್ರ

ದುಡ್ಡಿನ ವಿಷಯ ಬಿಟ್ಟೇ ಬಿಟ್ಟಿರಲ್ಲ ಮೇಡಂ? ಅತಿಥಿಗಳು ಹಾಕಬೇಡಿ ಅಂದರೆ 90 ಎಕರೆ ಎಲ್ಲಿಂದ ಬಂತು? ನಾನು ಲೆಕ್ಕಪರಿಶೋಧಕ, ಕೆಟ್ಟ ಅರ್ಥದಲ್ಲಿ ಕೇಳುತ್ತಿಲ್ಲ.

ಗುಡ್ಡೆಮನೆ

ಕೇಳಬೇಕಾದ ಪ್ರಶ್ನೆಯೇ ಸರ್. ಕೊಟ್ಟಿದ್ದು ಸಭೆಯವರು, ಅಂದರೆ ನಂಬಿ ಸೇರಿದವರು. ಸುತ್ತಲೂ ಒಳ್ಳೆಯ ಸಂಬಳದ ಉಪನಗರಗಳು. ದಶಮಾಂಶ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು, ಕೊಡುವವರು ಬೇಕಾದಷ್ಟು. 2004ರಲ್ಲಿ ಕಟ್ಟಿದ ಹೊಸ ಹಾಲ್‌ಗೆ ಏಳು ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಯಿತು.

ಹೈಬೆಲ್ಸ್ ಸಭೆಯನ್ನು ನಡೆಸಿದ ರೀತಿಯಲ್ಲಿ ವ್ಯಾಪಾರದ ಬುದ್ಧಿ ಎದ್ದು ಕಾಣುತ್ತಿತ್ತು. ಮ್ಯಾನೇಜ್‌ಮೆಂಟ್ ಓದಿದವರಿಗೆ ಪೀಟರ್ ಡ್ರಕರ್ ಗೊತ್ತಿರಬೇಕು. ನಮ್ಮ ಕೆಲಸ ಏನು, ನಮ್ಮ ಗಿರಾಕಿ ಯಾರು, ಗಿರಾಕಿ ಯಾವುದಕ್ಕೆ ಬೆಲೆ ಕೊಡುತ್ತಾನೆ, ಡ್ರಕರ್ ಅವರ ಈ ಮೂರು ಪ್ರಶ್ನೆಗಳನ್ನು ಹೈಬೆಲ್ಸ್ ತಮ್ಮ ಆಫೀಸಿನ ಹೊರಗೆ ತೂಗುಹಾಕಿದ್ದರು. 1991ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಈ ಸಭೆಯ ಮೇಲೆ ಪಾಠವನ್ನೇ ಬರೆಯಿತು. 1992ರಲ್ಲಿ ವಿಲೋ ಕ್ರೀಕ್ ಅಸೋಸಿಯೇಶನ್ ಅಂತ ಬೇರೆ ಸಂಸ್ಥೆ ಆಯಿತು. ನಮ್ಮ ಹಾಗೆ ಮಾಡಬೇಕು ಅನ್ನುವ ಬೇರೆ ಚರ್ಚ್‌ಗಳಿಗೆ ತರಬೇತಿ ಕೊಡುವುದಕ್ಕೆ. 1995ರಿಂದ ಪ್ರತಿ ವರ್ಷ ನಾಯಕತ್ವದ ಸಮಾವೇಶ. ಅದರಲ್ಲಿ ಪಾಸ್ಟರ್‌ಗಳ ಜೊತೆ ಕಂಪನಿಗಳ ಮುಖ್ಯಸ್ಥರೂ ಮಾತಾಡುತ್ತಿದ್ದರು. 2000ದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಬಂದು ತಮ್ಮ ತಪ್ಪಿನ ಬಗ್ಗೆ ಅದೇ ವೇದಿಕೆಯಲ್ಲಿ ಮಾತಾಡಿದರು. ಆ ಸಮಾವೇಶದ ವಿಡಿಯೊ ಭಾರತದ ನಗರಗಳಲ್ಲೂ ತೋರಿಸುತ್ತಿದ್ದರು. ಇಲ್ಲಿನ ಎಷ್ಟೋ ಪಾಸ್ಟರ್‌ಗಳು ಅದನ್ನು ನೋಡಿ ನೋಟ್ಸ್ ಬರೆದುಕೊಂಡಿದ್ದಾರೆ. ಹಾಗಾಗಿ ಇದು ಬರೀ ಅಮೆರಿಕದ ಕಥೆ ಅಲ್ಲ. ನಮ್ಮಲ್ಲೂ ಬ್ಯಾಂಡು, ಪರದೆ ಮೇಲೆ ಹಾಡಿನ ಸಾಲು, ಬಾಗಿಲಲ್ಲಿ ಸ್ವಾಗತದ ತಂಡ ಕಂಡರೆ, ಅದರಲ್ಲಿ ಒಂದು ಪಾಲು ಆ ಟಾಕೀಸಿನಿಂದ ಬಂದದ್ದು.

ದುಡ್ಡು ಕಟ್ಟಡಕ್ಕೆ ಮಾತ್ರ ಹೋಗಲಿಲ್ಲ ಅನ್ನುವುದನ್ನೂ ಹೇಳಬೇಕು. ದಾನವಾಗಿ ಬಂದ ಹಳೇ ಕಾರುಗಳನ್ನು ಸಭೆಯ ಮೆಕ್ಯಾನಿಕ್‌ಗಳೇ ಬಿಚ್ಚಿ ಸರಿ ಮಾಡಿ, ಒಂಟಿ ತಾಯಂದಿರಿಗೆ ಕೊಡುತ್ತಿದ್ದರು. ಬಸ್ಸು ಸರಿಯಾಗಿ ಇಲ್ಲದ ಆ ಊರುಗಳಲ್ಲಿ ಕಾರು ಇಲ್ಲದಿದ್ದರೆ ಕೆಲಸವೂ ಇಲ್ಲ. ಕೇರ್ ಸೆಂಟರ್ ಅಂತ ಒಂದು ಇದೆ. ದಿನಸಿ, ಬಟ್ಟೆ ಅಲ್ಲಿ ಸಿಗುತ್ತದೆ. ಶನಿವಾರ ನಾನು ಅಲ್ಲಿ ಅಕ್ಕಿ, ಬೇಳೆ, ಡಬ್ಬಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದೆ.

ಸಾಧನಕೇರಿ

ಗಿರಾಕಿ ಅನ್ನೋ ಮಾತು ನನಗೆ ನುಂಗಲಿಕ್ಕೆ ಆಗಲಿಲ್ಲ. ದೇವರ ಮನೆಗೆ ಬಂದವನು ಗಿರಾಕಿ ಅಲ್ಲ.

ಇದೇ ದಾರಿ ಮೊದಲು ಹಿಡಿದವರು ಕ್ಯಾಲಿಫೋರ್ನಿಯಾದ ರಾಬರ್ಟ್ ಶುಲ್ಲರ್ ಅಂತ ಓದಿದ್ದೇನೆ. 1955ರಲ್ಲಿ ಕಾರಿನಲ್ಲಿ ಕೂತೇ ಸಿನಿಮಾ ನೋಡುವ ಬಯಲು ಟಾಕೀಸಿನಲ್ಲಿ, ತಿಂಡಿ ಅಂಗಡಿಯ ತಾರಸಿ ಮೇಲೆ ನಿಂತು ಪ್ರಸಂಗ ಮಾಡಿದರಂತೆ. ಆಮೇಲೆ ಇಡೀ ಗಾಜಿನ ದೇವಾಲಯ ಕಟ್ಟಿಸಿದರು. 2010ರಲ್ಲಿ ಆ ಸಭೆ ದಿವಾಳಿಯಾಗಿ, ಆ ಗಾಜಿನ ಕಟ್ಟಡವನ್ನು ಕ್ಯಾಥೊಲಿಕ್ ಧರ್ಮಪ್ರಾಂತ್ಯ 5.75 ಕೋಟಿ ಡಾಲರ್‌ಗೆ ಕೊಂಡಿತು. ಆ ಸಭೆಗೆ ಪಂಗಡ ಇತ್ತು, ರಿಫಾರ್ಮ್ಡ್ ಚರ್ಚ್. ಅಂದರೆ ಪಂಗಡ ಇದ್ದರೂ ಕಾಯಲಿಲ್ಲ. ಇದನ್ನು ನಾನೇ ನನ್ನ ವಾದಕ್ಕೆ ವಿರುದ್ಧವಾಗಿ ಹೇಳುತ್ತಿದ್ದೇನೆ, ನಿಜ ನಿಜವೇ.

ಕಾವೇರಿ ತೀರ

ಅಕ್ಕ, ನೀವು 2018ಕ್ಕೆ ಯಾವಾಗ ಬರುತ್ತೀರಿ ಅಂತ ಕಾಯುತ್ತಿದ್ದೇನೆ. ಆ ಸುದ್ದಿ ಆಗ ನಾನು ಓದಿದ್ದೆ. ಬೆಳೆದದ್ದನ್ನು ಇಷ್ಟು ಚೆನ್ನಾಗಿ ಹೇಳಿದ ಮೇಲೆ ಅದನ್ನೂ ಹೇಳಬೇಕು.

ಗುಡ್ಡೆಮನೆ

ಹೇಳುತ್ತೇನೆ ಕಾವೇರಿ. ಎರಡು ದಿನ ಬರೆಯದೆ ಇದ್ದದ್ದು ಅದಕ್ಕೇ. ಮೊದಲು 2007ರ ಒಂದು ವಿಷಯ ಹೇಳಿ ಅಲ್ಲಿಗೆ ಬರುತ್ತೇನೆ.

ಈ ಸಭೆ ತನ್ನದೇ ಜನರ ಮೇಲೆ ಒಂದು ದೊಡ್ಡ ಸಮೀಕ್ಷೆ ಮಾಡಿತು. ಜನ ಎಷ್ಟು ಕಾರ್ಯಕ್ರಮಗಳಲ್ಲಿ ಸೇರುತ್ತಾರೋ ಅಷ್ಟು ಅವರ ದೇವರ ಪ್ರೀತಿ, ಜನರ ಪ್ರೀತಿ ಬೆಳೆಯುತ್ತದೆ ಅಂತ ಅವರು ಅಲ್ಲಿಯವರೆಗೆ ನಂಬಿದ್ದರು. ಹಾಗೆ ಕಾಣಲಿಲ್ಲ. ಕಾರ್ಯಕ್ರಮ ಜಾಸ್ತಿ ಮಾಡಿದ ಮಾತ್ರಕ್ಕೆ ಒಳಗಿನ ಬೆಳವಣಿಗೆ ಆಗುತ್ತಿರಲಿಲ್ಲ. ಸುಮಾರು ಕಾಲು ಭಾಗ ಜನ ನಿಂತಲ್ಲೇ ನಿಂತಿದ್ದೇವೆ ಅಂದರು, ಅಥವಾ ಅಸಮಾಧಾನದಲ್ಲಿ ಇದ್ದೇವೆ ಅಂದರು. ಅಸಮಾಧಾನ ಜಾಸ್ತಿ ಇದ್ದದ್ದು ಹೊಸಬರಲ್ಲಿ ಅಲ್ಲ, ತುಂಬಾ ಆಳವಾಗಿ ನಂಬಿದವರಲ್ಲಿ. ಹೈಬೆಲ್ಸ್ ವೇದಿಕೆ ಮೇಲೆ ನಿಂತು, ನಾವು ತಪ್ಪು ಮಾಡಿದೆವು, ಜನ ತಾವೇ ಬೈಬಲ್ ಓದಿ ಬೆಳೆಯುವುದನ್ನು ಕಲಿಸಬೇಕಿತ್ತು ಎಂಬ ಅರ್ಥದಲ್ಲಿ ಒಪ್ಪಿಕೊಂಡರು. ಅದನ್ನು ಅವರು ಮುಚ್ಚಿಡಲಿಲ್ಲ, ಪುಸ್ತಕವಾಗಿಯೇ ಅಚ್ಚು ಹಾಕಿದರು. ಅಷ್ಟು ದೊಡ್ಡ ಸಂಸ್ಥೆ ಹಾಗೆ ಬಾಯಿಬಿಟ್ಟು ಒಪ್ಪಿಕೊಂಡದ್ದನ್ನು ನಾನು ಈಗಲೂ ಗೌರವಿಸುತ್ತೇನೆ.

ಈಗ 2018. ಹೈಬೆಲ್ಸ್ ಆ ಅಕ್ಟೋಬರ್‌ನಲ್ಲಿ ನಿವೃತ್ತರಾಗುವುದು ಅಂತ ಹಿಂದಿನ ವರ್ಷವೇ ಹೇಳಿದ್ದರು. ಅವರ ಜಾಗಕ್ಕೆ ಇಬ್ಬರು, ಹೆದರ್ ಲಾರ್ಸನ್ ಆಡಳಿತಕ್ಕೆ, ಸ್ಟೀವ್ ಕಾರ್ಟರ್ ಬೋಧನೆಗೆ. ಮಾರ್ಚ್‌ನಲ್ಲಿ ಶಿಕಾಗೊ ಟ್ರಿಬ್ಯೂನ್ ವರದಿ ಬಂತು. ಹೈಬೆಲ್ಸ್ ಹಲವು ವರ್ಷ ಮಹಿಳೆಯರ ಜೊತೆ ಅನುಚಿತವಾಗಿ ನಡೆದುಕೊಂಡರು ಎಂಬ ಆರೋಪ. ಹೇಳಿದವರು ಹೊರಗಿನವರಲ್ಲ. ಆ ಸಭೆಯನ್ನು ಕಟ್ಟಿದ, ಅಲ್ಲಿ ನಾಯಕತ್ವ ವಹಿಸಿದ್ದ ಮಹಿಳೆಯರು. ಅವರಲ್ಲಿ ಕೆಲವರೂ ಅವರ ಗೆಳೆಯರೂ ಅದಕ್ಕೂ ನಾಲ್ಕು ವರ್ಷ ಹಿಂದಿನಿಂದಲೇ ಒಳಗೆ ತನಿಖೆ ಕೇಳುತ್ತಿದ್ದರು. ಸಭೆಯ ಆಡಳಿತ ನೋಡುವ ಹಿರಿಯರ ಮಂಡಳಿ ತನಿಖೆ ಮಾಡಿಸಿ ತಪ್ಪೇನೂ ಕಾಣಲಿಲ್ಲ ಅಂದಿತ್ತು. ಹೈಬೆಲ್ಸ್ ಎಲ್ಲವನ್ನೂ ಅಲ್ಲಗಳೆದರು.

ವರದಿ ಬಂದ ವಾರ ಸಭೆಯವರನ್ನು ಸೇರಿಸಿ ಮಾತಾಡಿದರು. ಆರೋಪ ಮಾಡಿದವರು ಸುಳ್ಳು ಹೇಳುತ್ತಿದ್ದಾರೆ, ಒಟ್ಟಾಗಿ ಸಂಚು ಮಾಡಿದ್ದಾರೆ ಅನ್ನುವ ಮಾತು ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಅದನ್ನು ಮನೆಯಲ್ಲಿ ವಿಡಿಯೊದಲ್ಲಿ ನೋಡುತ್ತಿದ್ದೆ. ಮಡಿಲಲ್ಲಿ ಮಡಿಚದ ಬಟ್ಟೆ ರಾಶಿ. ಗಂಡನಿಗೆ ಹೇಳಿದೆ, "ಪಾಪ, ನಿವೃತ್ತಿ ಹೊತ್ತಿಗೆ ಇವರನ್ನು ಹೀಗೆ ಕಾಡ್ತಾರಲ್ಲ." ಹೌದು, ಹಾಗೆಯೇ ಹೇಳಿದೆ. ಆ ಹೆಂಗಸರು ಯಾರು, ಏನು ಹೇಳುತ್ತಿದ್ದಾರೆ ಅಂತ ಒಂದು ಸಲವೂ ಪೂರ್ತಿ ಓದಿರಲಿಲ್ಲ. ನನಗೆ ಸೂಪ್ ಕೊಟ್ಟ ಸಭೆ ಅದು. ಅದರ ಬಗ್ಗೆ ಕೆಟ್ಟ ಮಾತು ಕೇಳಲು ಕಿವಿ ಸಿದ್ಧ ಇರಲಿಲ್ಲ.

ಏಪ್ರಿಲ್ 10ಕ್ಕೆ ಹೈಬೆಲ್ಸ್ ರಾಜೀನಾಮೆ ಕೊಟ್ಟರು. ಆಗಸ್ಟ್ 5ಕ್ಕೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅವರ ಹಳೇ ಸಹಾಯಕಿಯೊಬ್ಬರ ಹೇಳಿಕೆ ಬಂತು. 1980ರ ದಶಕದ ವಿಷಯ. ಅದನ್ನೂ ಹೈಬೆಲ್ಸ್ ಅಲ್ಲಗಳೆದರು. ಸ್ಟೀವ್ ಕಾರ್ಟರ್ ಅದೇ ದಿನ ಬಿಟ್ಟರು. ಮೂರು ದಿನ ಕಳೆದು ಹೆದರ್ ಲಾರ್ಸನ್ ಮತ್ತು ಹಿರಿಯರ ಮಂಡಳಿ ಇಡೀ ರಾಜೀನಾಮೆ ಕೊಟ್ಟಿತು. ಆ ಮಹಿಳೆಯರನ್ನು ನಂಬಬೇಕಿತ್ತು ಅಂತ ಕ್ಷಮೆ ಕೇಳಿದರು. 2019ರಲ್ಲಿ ಹೊರಗಿನ ಸಲಹಾ ತಂಡವೊಂದು ಆರೋಪಗಳು ನಂಬಲು ಅರ್ಹ ಎಂದು ವರದಿ ಕೊಟ್ಟಿತು.

ಮಾಸ್ತರರ ಪ್ರಶ್ನೆಗೆ ಉತ್ತರ ಇದೇ. ಹಿರಿಯರ ಮಂಡಳಿಯೇ ಕೊನೆ, ಅದರ ಮೇಲೆ ಯಾರೂ ಇಲ್ಲ. ಆ ಹಿರಿಯರು ಒಳ್ಳೆಯವರೇ, ಬಹಳ ಮಂದಿ ಸಂಬಳ ಇಲ್ಲದೆ ದುಡಿದವರು. ಆದರೆ ನಂಬಿಕೆಗೆ ಬಂದದ್ದು ಅದೇ ಪಾಸ್ಟರ್ ಬಾಯಿಂದ ಕೇಳಿ. ಅವರನ್ನೇ ವಿಚಾರಣೆ ಮಾಡು ಅಂದರೆ ಹೇಗೆ ಮಾಡಿಯಾರು?

ನನ್ನನ್ನು ಕಾಡುವುದು ಒಂದೇ. ಸಭೆ ಹುಟ್ಟಿದ್ದು "ಯಾಕೆ ಬರಲ್ಲ, ಬಾಯಿಬಿಟ್ಟು ಹೇಳಿ" ಅಂತ ಕೇಳಿದ್ದರಿಂದ. ಗೊತ್ತಿಲ್ಲದವರ ಬಾಗಿಲಲ್ಲಿ ನಿಂತು ಬೈಗುಳ ಕೇಳಿಸಿಕೊಂಡು ಬರೆದುಕೊಂಡವರು, ತಮ್ಮದೇ ವೇದಿಕೆ ಹತ್ತಿದ್ದ ಹೆಂಗಸರು ಬಾಯಿಬಿಟ್ಟು ಹೇಳಿದಾಗ ಯಾಕೆ ಕೇಳಿಸಿಕೊಳ್ಳಲಿಲ್ಲ?

ಕಾವೇರಿ ತೀರ

ಥ್ಯಾಂಕ್ಸ್ ಅಕ್ಕ. ಬಟ್ಟೆ ರಾಶಿಯ ವಿಷಯ ನೀವು ಬರೆಯದೆ ಇರಬಹುದಿತ್ತು, ಬರೆದಿರಿ.

ನಮ್ಮೂರ ಒಂದು ಚರ್ಚಿನ ವಿಷಯ ಹೇಳುತ್ತೇನೆ, ಹೆಸರು ಬೇಡ. ಹಳೇ ಪಂಗಡ, ಮೇಲೆ ದೊಡ್ಡವರೆಲ್ಲ ಇದ್ದಾರೆ. ನನ್ನ ಗೆಳತಿ ಗಾಯನ ತಂಡದಲ್ಲಿದ್ದಳು. ಒಬ್ಬರ ನಡತೆ ಬಗ್ಗೆ ದೂರು ಬರೆದು ಕೊಟ್ಟಳು. ಮೂರು ಪುಟ, ಕೈಬರಹ. ಮೇಲಕ್ಕೆ ಕಳಿಸಿದೆವು ಅಂದರು. ಮೇಲಿನವರು ಕೆಳಗೆ ಕೇಳಿ ಅಂದರು. ಎರಡು ವರ್ಷ ಆ ಮೂರು ಪುಟ ಮೇಲೆ ಕೆಳಗೆ ಓಡಾಡಿತು. ಕೊನೆಗೆ ಗಾಯನ ತಂಡ ಬಿಟ್ಟವಳು ಅವಳೇ. ಈಗ ಕ್ರಿಸ್ಮಸ್‌ಗೂ ಹೋಗುವುದಿಲ್ಲ. ಹಾಗಾಗಿ ಮಾಸ್ತರರೇ, ಮೇಲೆ ಬಿಷಪ್ ಇದ್ದರೆ ಸಾಕು ಅಂತ ನಾನು ನಂಬಲಾರೆ.

ಸಾಧನಕೇರಿ

ತಾಯಿ, ನಿಮ್ಮ ಗೆಳತಿಗೆ ನನ್ನ ನಮಸ್ಕಾರ ತಿಳಿಸಿರಿ. ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ, ಪೂರ್ತಿ ಅಲ್ಲ, ಅರ್ಧ. ಮೇಲೆ ಒಂದು ಬಾಗಿಲು ಇರಬೇಕು, ಅದನ್ನು ಈಗಲೂ ಹೇಳುತ್ತೇನೆ. ಆದರೆ ಆ ಬಾಗಿಲ ಹಿಂದೆ ಕೂತವನು ಕೆಳಗಿನವನ ಗೆಳೆಯನೇ ಆಗಿದ್ದರೆ ಬಾಗಿಲು ಇದ್ದೂ ಇಲ್ಲದಂತೆ. ನಾನು 18 ವರ್ಷ ನಮ್ಮ ಸಭೆಯ ಕಮಿಟಿಯಲ್ಲಿ ಇದ್ದೆ. ಅಷ್ಟು ವರ್ಷದಲ್ಲಿ ಒಬ್ಬ ಹೆಣ್ಣುಮಗಳೂ ನಮ್ಮ ಮುಂದೆ ದೂರು ತಂದಿರಲಿಲ್ಲ. ದೂರು ಇಲ್ಲ ಅಂತ ಆಗ ನಮಗೆ ಹೆಮ್ಮೆ ಇತ್ತು. ಇವತ್ತು ನಿಮ್ಮದನ್ನು ಓದಿದ ಮೇಲೆ ಯೋಚನೆ ಹತ್ತಿದೆ, ನಮ್ಮ ಕಮಿಟಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದರು ಅಂತ. ಮೊದಲ 12 ವರ್ಷ ಒಬ್ಬರೂ ಇರಲಿಲ್ಲ.

ಹೆಬ್ಬಾಳ ರಿಂಗ್ ರೋಡ್

ವಿಲೋ ಕ್ರೀಕ್‌ನಲ್ಲಿ ಮಹಿಳೆಯರು ಹಿರಿಯರ ಮಂಡಳಿಯಲ್ಲೂ ಇದ್ದರಲ್ವಾ ಅಕ್ಕ? ಎಲ್ಲೋ ಓದಿದ ನೆನಪು. ಆದರೂ ಹೀಗಾಯಿತಾ?

ಗುಡ್ಡೆಮನೆ

ಇದ್ದರು. ಅಮೆರಿಕದ ಬಹಳ ಚರ್ಚ್‌ಗಳು ಒಪ್ಪದೆ ಇದ್ದ ಕಾಲದಲ್ಲೇ ಅಲ್ಲಿ ಮಹಿಳೆಯರು ಹಿರಿಯರಾಗಿದ್ದರು, ಬೋಧಿಸುತ್ತಿದ್ದರು. ಅದಕ್ಕೆ ಮುಂದೆ ನಿಂತು ವಾದಿಸಿದವರೇ ಹೈಬೆಲ್ಸ್. ಅದರಿಂದಲೇ ದೂರು ಹೇಳುವುದು ಇನ್ನೂ ಕಷ್ಟ ಆಯಿತು ಅನ್ನಿಸುತ್ತದೆ. ಅವಕಾಶ ಕೊಟ್ಟವರ ಮೇಲೆಯೇ ಹೇಗೆ ಹೇಳುವುದು?

ಲೆಕ್ಕಪತ್ರ

ಈಗ ಸಭೆ ಹೇಗಿದೆ? ಮುಚ್ಚಿ ಹೋಯಿತಾ?

ಗುಡ್ಡೆಮನೆ

ಇಲ್ಲ ಸರ್, ನಡೆಯುತ್ತಿದೆ. 2020ರಲ್ಲಿ ಡೇವ್ ಡಮ್ಮಿಟ್ ಎಂಬ ಹೊಸ ಪಾಸ್ಟರ್ ಬಂದರು, ಮಿಶಿಗನ್‌ನಿಂದ. ಬಂದ ಹೊತ್ತಿಗೆ ಕೋವಿಡ್, ಬಾಗಿಲೇ ಮುಚ್ಚಿತ್ತು. 2022ರಲ್ಲಿ ಹಾಜರಿ 2019ರ ಅರ್ಧಕ್ಕಿಂತಲೂ ಕೆಳಗಿಳಿದು, ಸಿಬ್ಬಂದಿಯಲ್ಲಿ ಸುಮಾರು ಶೇ 30ರಷ್ಟು ಜನರನ್ನು ತೆಗೆಯಬೇಕಾಯಿತು. ಆ ನಾಯಕತ್ವದ ಸಮಾವೇಶವೂ ಹೆಸರು ಬದಲಿಸಿಕೊಂಡ ಬೇರೆ ಸಂಸ್ಥೆಯಡಿ ನಡೆಯುತ್ತಿದೆ. 2018ರಲ್ಲಿ ನೂರಕ್ಕೂ ಹೆಚ್ಚು ಚರ್ಚ್‌ಗಳು ಅದನ್ನು ತೋರಿಸುವುದಿಲ್ಲ ಅಂತ ಹಿಂದೆ ಸರಿದಿದ್ದವು.

ನಾವು 2019ರಲ್ಲಿ ಮಂಗಳೂರಿಗೆ ವಾಪಸ್ ಬಂದೆವು. ಈಗ ನಾನು ಹಳೇ ಸಿಎಸ್‌ಐ ಬೆಂಚಿನಲ್ಲೇ ಕೂರುತ್ತೇನೆ. ಹೊಸಬರು ಬಂದರೆ ಎದ್ದು ಹೋಗಿ ಹೆಸರು ಕೇಳುತ್ತೇನೆ. ಆ ಅಭ್ಯಾಸ ಅಲ್ಲಿಂದ ಬಂದದ್ದು.

ನನ್ನನ್ನು ಮೊದಲ ಸಲ ಕರೆದುಕೊಂಡು ಹೋದ ಪಕ್ಕದ ಮನೆಯಾಕೆ ಈಗಲೂ ಅಲ್ಲಿಗೇ ಹೋಗುತ್ತಾಳೆ. ಶನಿವಾರ ದಿನಸಿ ಕಟ್ಟುವ ಕೆಲಸವೂ ಬಿಟ್ಟಿಲ್ಲ. ಈ ಚರ್ಚೆ ಶುರು ಮಾಡಿದ ಮೇಲೆ ಮೊನ್ನೆ ಅವಳಿಗೆ ಫೋನ್ ಮಾಡಿದೆ, ನೀನು ಯಾಕೆ ಬಿಡಲಿಲ್ಲ ಅಂತ ಕೇಳೋಣ ಅಂತ. ಅವಳು ಅದಕ್ಕೆ ಉತ್ತರ ಕೊಡಲಿಲ್ಲ, ಬೇರೆ ಹೇಳಿದಳು. ತನ್ನ ಆಚೀಚೆ ಕೂರುತ್ತಿದ್ದು ಈಗ ಬರದೆ ಇರುವವರ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಾಳಂತೆ. ವಾರಕ್ಕೆ ಒಬ್ಬರಿಗೆ ಫೋನ್ ಮಾಡುತ್ತಾಳೆ. ವಾಪಸ್ ಬಾ ಅಂತ ಕರೆಯುವುದಿಲ್ಲ. ಯಾಕೆ ಬಿಟ್ಟೆ ಅಂತ ಕೇಳಿ, ಅವರು ಹೇಳುವಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಾಳೆ. ಇಲ್ಲಿಯವರೆಗೆ ಹನ್ನೊಂದು ಜನರಾಗಿದ್ದಾರೆ. ಒಬ್ಬರ ಜೊತೆ ಎರಡು ಗಂಟೆ ಆಯಿತಂತೆ, ಒಲೆ ಮೇಲಿಟ್ಟ ಸೂಪ್ ತಳ ಹಿಡಿಯಿತಂತೆ.

ಹನ್ನೆರಡನೆಯವಳು ನೀನೇ, ಈಗ ಹೇಳು, ಅಂದಳು.